ಅಕ್ಕ ಚೆನ್ನಾಗಿದೆ ಅಂದ ಬಿಯರು

ಆ ಬ್ರೂವರಿಯಲ್ಲಿ ಎಲ್ಲರೂ ಆಕೆಯನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಆಕೆಗಿಂತ ಹಿರಿಯರೂ ಅಕ್ಕ ಎನ್ನುತ್ತಿದ್ದರು, ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಮೂಟೆ ತರುವ ಲಾರಿಯವನೂ ಅಕ್ಕ ಎನ್ನುತ್ತಿದ್ದ, ತಪಾಸಣೆಗೆ ಬಂದ ಅಧಿಕಾರಿಗಳು ಕೂಡ ನಾಲ್ಕು ಮಾತಾಡುವಷ್ಟರಲ್ಲಿ ಅಕ್ಕಾ ಎಂದುಬಿಡುತ್ತಿದ್ದರು. ಹೀಗಾಗಿ ಆಕೆಯ ಒಡಹುಟ್ಟಿದ ತಮ್ಮನಿಗೆ ಬೇರೆ ಹೆಸರೇ ಉಳಿಯಲಿಲ್ಲ. ಅವನು ಎಲ್ಲರಿಗೂ ತಮ್ಮ. ತಲೆ ಅರ್ಧ ನೆರೆತಿತ್ತು, ಓದುವುದಕ್ಕೆ ಕನ್ನಡಕ ಬಂದಿತ್ತು, ಮಗಳು ಮದುವೆಯಾಗಿ ಹೋಗಿದ್ದಳು. ಆದರೂ ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವನು, "ತಮ್ಮಾ, ಆ ಪೈಪು ಸ್ವಲ್ಪ ಇತ್ಲಾಗೆ ಕೊಡಿ" ಎನ್ನುತ್ತಿದ್ದ. ತಮ್ಮ ಕೊಡುತ್ತಿದ್ದ.

ಅಕ್ಕ ಮಾಡುವುದು ಕಪ್ಪು ಬಿಯರು. ಅದಕ್ಕೆ ಊರೆಲ್ಲ ಹೆಸರು. ಆದರೆ ಅವಳ ಬಿಯರಿಗಿಂತ ಅವಳ ಮೂಗಿಗೆ ಹೆಸರು ಹೆಚ್ಚು. ಮಹಡಿಯ ಮೇಲೆ ಕೂತು, ನೆಲಮಾಳಿಗೆಯಲ್ಲಿ ಯಾವ ಪೀಪಾಯಿ ಹುಳಿಗೆ ತಿರುಗುತ್ತಿದೆ ಎಂದು ಹೇಳುತ್ತಿದ್ದಳು. ಸ್ನಾನಕ್ಕೆ ಚಕ್ಕರ್ ಹೊಡೆದು ಬಂದವನು ಬಾಗಿಲಲ್ಲೇ ಸಿಕ್ಕಿಬೀಳುತ್ತಿದ್ದ. ಅಕ್ಕನ ಗಂಡ, ಅಂದರೆ ತಮ್ಮನ ಭಾವ, ಸಿಗರೇಟು ಬಿಟ್ಟು ನಶ್ಯ ಹಿಡಿದದ್ದು ಈ ಮೂಗಿಗೆ ಹೆದರಿಯೇ. ನಶ್ಯಕ್ಕೆ ಹೊಗೆಯಿಲ್ಲ, ಹೊಗೆಯಿಲ್ಲದ ಮೇಲೆ ಸಾಕ್ಷಿಯಿಲ್ಲ ಎಂಬುದು ಅವರ ಲೆಕ್ಕಾಚಾರ. ಮೊದಲ ದಿನವೇ ಸಿಕ್ಕಿಬಿದ್ದರು. ಆದರೆ ಆ ಹೊತ್ತಿಗೆ ಚಟ ಅಂಟಿಬಿಟ್ಟಿತ್ತು.

ಯಾವುದೇ ಹೊಸ ಬಿಯರು ಅಲ್ಲಿಂದ ಆಚೆ ಹೋಗಬೇಕಾದರೆ ಮೊದಲು ರುಚಿಕೋಣೆ ದಾಟಬೇಕಿತ್ತು. ರುಚಿಕೋಣೆ ಎಂದರೆ ಬಾಟಲಿ ತೊಳೆಯುವ ಜಾಗಕ್ಕೆ ಅಂಟಿಕೊಂಡ ಒಂದು ಸಣ್ಣ ಕೋಣೆ. ಉದ್ದದ ಮೇಜು, ಒಂದಕ್ಕೊಂದು ಹೊಂದದ ಕುರ್ಚಿಗಳು, ಪಡುವಣಕ್ಕೆ ಒಂದು ದೊಡ್ಡ ಕಿಟಕಿ, ಮೂಲೆಯಲ್ಲಿ ನೀರು ಹೋಗುವ ತೂತು. ಅಲ್ಲಿನ ಕಟ್ಟಳೆಗಳೆಲ್ಲ ಅಕ್ಕ ಮಾಡಿದ್ದು. ಕುಡಿಯುವಾಗ ಯಾರೂ ಮುಖದಲ್ಲಿ ಏನನ್ನೂ ತೋರಿಸಬಾರದು. ಒಬ್ಬನ ಹುಬ್ಬು ಮೇಲಕ್ಕೆ ಹೋದರೆ ಪಕ್ಕದವನ ನಾಲಿಗೆ ಕೆಡುತ್ತದೆ ಎಂದು ಅವಳ ನಂಬಿಕೆ. ಮೊದಲು ಅಕ್ಕ ಕುಡಿಯಬೇಕು, ಆಮೇಲೆ ಉಳಿದವರು, ಎಲ್ಲರದೂ ಆದಮೇಲೆ ಬಿಯರು ಮಾಡಿದವನು. ಅಲ್ಲಿಯವರೆಗೆ ಅವನು ಕೈ ಹಿಂದೆ ಕಟ್ಟಿಕೊಂಡು ಬಾಗಿಲ ಬಳಿ ನಿಂತಿರಬೇಕು. ಅಕ್ಕ ಎರಡು ಗುಟುಕು ಕುಡಿದು ಗ್ಲಾಸನ್ನು ಮೂಲೆಯ ತೂತಿಗೆ ಬಗ್ಗಿಸಿದಳೋ, ಆ ಬಿಯರಿನ ಕಥೆ ಅಲ್ಲಿಗೆ ಮುಗಿಯಿತು. ಗ್ಲಾಸು ಖಾಲಿ ಮಾಡಿ ಮೇಜಿನ ಮೇಲಿಟ್ಟಳೋ, ಪಾಸು. ಬಾಯಿಬಿಟ್ಟು ಹೇಳುವ ಪದ್ಧತಿಯೇ ಇರಲಿಲ್ಲ.

ತಮ್ಮ ತನ್ನ ಸ್ವಂತ ಬುದ್ಧಿಯಿಂದ ಮಾಡಿದ ಬಿಯರುಗಳೆಲ್ಲ ಈವರೆಗೆ ತೂತಿಗೇ ಹೋಗಿದ್ದವು. "ನಮ್ಮ ತಮ್ಮನಿಗೆ ಖಾಯಂ ಗಿರಾಕಿ ಅಂದ್ರೆ ಆ ಚರಂಡಿ ಒಂದೇ" ಎಂದು ಬಿರಡೆ ಒಮ್ಮೆ ಹೇಳಿದ್ದ. ಬಿರಡೆ ಪೀಪಾಯಿಗಳ ಉಸ್ತುವಾರಿಯವನು. ಕುಳ್ಳಗೆ, ದುಂಡಗೆ ಇದ್ದ. ಒಮ್ಮೆ ಕೂತನೆಂದರೆ ಕೂತಲ್ಲಿಂದ ಎಬ್ಬಿಸುವುದು ಕಷ್ಟ, ಹಾಗಾಗಿ ಆ ಹೆಸರು. ಅವನ ಮಾತಿಗೆ ತಮ್ಮನಿಗೆ ಸಿಟ್ಟು ಬರಲಿಲ್ಲ, ನೋವಾಯಿತು. ಊರು ತನ್ನ ಬಿಯರು ಕುಡಿಯಲಿ, ತನ್ನ ಹೆಸರು ಹೇಳಲಿ ಎಂಬ ಆಸೆಯೆಲ್ಲ ಅವನಲ್ಲಿ ಎಂದೋ ಬತ್ತಿಹೋಗಿತ್ತು. ಅಕ್ಕ ಒಂದೇ ಒಂದು ಸಲ ತನ್ನ ಕೈಯ ಬಿಯರಿನ ಗ್ಲಾಸನ್ನು ಖಾಲಿ ಮಾಡಿ ಮೇಜಿನ ಮೇಲಿಟ್ಟರೆ ಸಾಕಿತ್ತು.

ಹಿಂದಿನ ವರ್ಷ ಪಂಪಿನ ಬಿಡಿಭಾಗ ತರಲು ಬೇರೆ ಊರಿಗೆ ಹೋದಾಗ, ಅಲ್ಲಿ ಯಾರೋ ಅವನಿಗೆ ಇಂಗ್ಲಿಷ್ ಗೋಲ್ಡನ್ ಏಲ್ ಕುಡಿಸಿದರು. ಹುಲ್ಲಿನ ಬಣ್ಣದ ತಿಳಿ ಬಿಯರು. ಬಾಯಿಗಿಡುವ ಮೊದಲೇ ಮೂಗಿಗೆ ಕಿತ್ತಳೆ ಸಿಪ್ಪೆಯ ಘಮ ಬಂತು, ಹಿಂದೆಯೇ ಆಗತಾನೇ ಕತ್ತರಿಸಿದ ಹುಲ್ಲಿನದು, ಅದರ ಹಿಂದೆ ಯಾವುದೋ ಹೂವಿನದು. ಎಲ್ಲ ಹಾಪ್ಸಿನ, ಅಂದರೆ ಬಿಯರಿಗೆ ಕಹಿ ಮತ್ತು ಘಮ ಕೊಡಲು ಹಾಕುವ ಒಣ ಮೊಗ್ಗಿನ ಮಹಿಮೆ. ನಾಲಿಗೆಯ ಮೇಲೆ ಬಿಸ್ಕತ್ತಿನಂಥ ತೆಳು ಸಿಹಿ, ಕೊನೆಯಲ್ಲಿ ಚೊಕ್ಕವಾದ ಒಂದು ಕಹಿ, ಆ ಕಹಿ ಹೋಗುವಾಗ ಇನ್ನೊಂದು ಗುಟುಕು ಕೇಳಿಯೇ ಹೋಗುತ್ತಿತ್ತು. ಪಂಪಿನ ಬಿಡಿಭಾಗ ಮರೆತು ತಮ್ಮ ವಾಪಸ್ ಬಂದ. ಬಂದವನು ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ, ಊಟದ ಮುಂದೆ ಕೂತು ಎಲ್ಲೋ ನೋಡುತ್ತಿದ್ದ. ಈ ವಯಸ್ಸಿನಲ್ಲಿ ಇವನಿಗೆ ಏನಾದರೂ ಹೆಣ್ಣಿನ ಹುಚ್ಚು ಹಿಡಿಯಿತೇ ಎಂದು ಭಾವ ಸಣ್ಣದಾಗಿ ವಿಚಾರಣೆಯನ್ನೂ ಮಾಡಿದರು. ಹಾಪ್ಸ್ ಎಂದು ತಿಳಿದಾಗ ಅವರಿಗೆ ಸ್ವಲ್ಪ ಬೇಜಾರಾಯಿತು.

ಅಕ್ಕನಿಗೆ ಹಾಪ್ಸ್ ಎಂದರೆ ಉಪ್ಪಿದ್ದ ಹಾಗೆ. ಚಿಟಿಕೆ ಹಾಕಬೇಕು, ಹಾಕಿದ್ದು ಗೊತ್ತಾಗಬಾರದು.

"ಬಿಯರ್ ಇರೋದು ಕುಡಿಯೋಕೆ, ಮೂಸಿ ನೋಡೋಕಲ್ಲ," ಎಂದಿದ್ದಳು.

"ಒಂದು ಸಲ ಮಾಡ್ತೀನಿ ಅಕ್ಕ. ಒಂದೇ ಸಲ."

"ಮಾಡು. ಆದ್ರೆ ಇದೇ ಕೊನೆ. ಇದೂ ಆಗ್ಲಿಲ್ಲ ಅಂದ್ರೆ ಇನ್ಮೇಲೆ ಹೊಸಾದು ಗಿಸಾದು ಅಂತ ನನ್ನ ಮುಂದೆ ಬರಬಾರದು. ಒಪ್ಪಿಗೆನಾ?"

ತಮ್ಮ ಒಪ್ಪಿದ. ಇಂಗ್ಲಿಷ್ ಹಾಪ್ಸ್ ತರಿಸಿದ, ಇರುಳು ಹಗಲೆನ್ನದೆ ಅದರ ಹಿಂದೆ ಬಿದ್ದ. ಚಳಿಗಾಲದಲ್ಲಿ ಅಕ್ಕ ಜ್ವರ ಬಂದು ಮಲಗಿದಾಗ ಮಾತ್ರ ಅದನ್ನೆಲ್ಲ ಬದಿಗಿಟ್ಟು ಅವಳ ಹಾಸಿಗೆಯ ಪಕ್ಕ ಕೂತ. ಅವಳು ಎದ್ದು ಓಡಾಡುವಂತಾದ ಮೇಲೆ ಮತ್ತೆ ಕೈಗೆತ್ತಿಕೊಂಡ. ಬೇಸಿಗೆ ಕಾಲಿಡುವ ಹೊತ್ತಿಗೆ ನೆಲಮಾಳಿಗೆಯ ಒಂದು ಪೀಪಾಯಿಯಲ್ಲಿ ಅವನ ಗೋಲ್ಡನ್ ಏಲ್ ತಯಾರಾಗಿ ಕೂತಿತ್ತು. ಬಿರಡೆಯನ್ನು ಕೂಡ ಅದರ ಹತ್ತಿರ ಸುಳಿಯಲು ಬಿಟ್ಟಿರಲಿಲ್ಲ.

ರುಚಿ ನೋಡುವ ದಿನ ಮಧ್ಯಾಹ್ನ ರುಚಿಕೋಣೆಯಲ್ಲಿ ಭಾವ, ಬಿರಡೆ ಮತ್ತು ಎದುರು ಬೀದಿಯ ಪಬ್ಬಿನ ಒಡತಿ ಸೇರಿದ್ದರು. ಒಡತಿಯದು ಸಣ್ಣ ಪಬ್ಬು, ದೊಡ್ಡ ಬಾಯಿ. ಬೆಳಿಗ್ಗೆ ಅವಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಊರಿನ ಆ ತುದಿಯಲ್ಲಿರುತ್ತಿತ್ತು. ಬಿಯರು ಪಾಸಾದರೆ ಮೊದಲ ಪೀಪಾಯಿ ಅವಳ ಕೌಂಟರಿಗೆ ಎಂದು ಮಾತಾಗಿತ್ತು. ಭಾವ ಒಂದು ಜಗ್ಗಿನ ತುಂಬ ಬಿಯರು ಹಿಡಿದು ತಂದು ಇಟ್ಟರು. ಅಷ್ಟರಲ್ಲಿ ಬಾಯ್ಲರಿನ ಹತ್ತಿರ ಏನೋ ಸೋರುತ್ತಿದೆ ಎಂದು ಅಕ್ಕನಿಗೆ ಕರೆ ಬಂತು. ಅಕ್ಕ ತಮ್ಮನನ್ನೂ ಕರೆದುಕೊಂಡು ಹೋದಳು. ಇಬ್ಬರೂ ಬರಲು ಬಹಳ ಹೊತ್ತು ಹಿಡಿಯಿತು.

ಅವರು ಬಂದಾಗ ಎಲ್ಲರೂ ತಂತಮ್ಮ ಕುರ್ಚಿಯಲ್ಲಿ ಕೂತಿದ್ದರು, ಜಗ್ಗು ಮೇಜಿನ ನಡುವೆ ಇತ್ತು. ತಮ್ಮ, ಕೈ ಹಿಂದೆ ಕಟ್ಟಿಕೊಂಡು, ಬಾಗಿಲಿಗೆ ಆತು ನಿಂತ. ಅವನ ಮೂಗಿಗೆ ಪಕ್ಕದಲ್ಲಿ ಬಾಟಲಿ ತೊಳೆಯುವ ಸೋಡಾದ ಘಾಟು ಮಾತ್ರ ಬರುತ್ತಿತ್ತು.

ಅಕ್ಕ ಗ್ಲಾಸಿಗೆ ಬಗ್ಗಿಸಿಕೊಂಡಳು. ಮೂಗಿನ ಹತ್ತಿರ ತಂದು, ಸ್ವಲ್ಪ ಹೊತ್ತು ಹಾಗೇ ಹಿಡಿದಳು. ಒಂದು ಗುಟುಕು ಕುಡಿದಳು. ಇನ್ನೊಂದು ಕುಡಿದಳು. ಮೂಲೆಯ ತೂತನ್ನು ನೋಡಬಾರದು ಎಂದುಕೊಂಡು ತಮ್ಮ ಅದನ್ನೇ ನೋಡುತ್ತಿದ್ದ. ಅಕ್ಕ ಮೂರನೆಯ ಗುಟುಕು ಕುಡಿದಳು, ಆಮೇಲೆ ನಿಲ್ಲಿಸದೆ ಇಡೀ ಗ್ಲಾಸನ್ನು ಗಟಗಟನೆ ಕುಡಿದು, ಖಾಲಿ ಗ್ಲಾಸನ್ನು ಮೇಜಿನ ಮೇಲೆ ಟಣ್ಣನೆ ಇಟ್ಟಳು.

"ಚೆನ್ನಾಗಿದೆ," ಎಂದಳು.

ತಮ್ಮನ ಕಣ್ಣು ತುಂಬಿಕೊಂಡಿತು. ಅಕ್ಕ ಯಾವ ಬಿಯರಿಗೂ ಈ ಮಾತು ಹೇಳಿದವಳಲ್ಲ. ತನ್ನ ಮದುವೆಗೆ ತಾನೇ ಮಾಡಿದ ಬಿಯರಿಗೂ ಹೇಳಿರಲಿಲ್ಲ. ಭಾವನನ್ನು ನೋಡಿ ಒಪ್ಪಿಕೊಂಡಾಗ ಕೂಡ "ನಡೆಯುತ್ತೆ" ಎಂದಿದ್ದಳಷ್ಟೆ.

ಉಳಿದವರು ಕುಡಿದರು. ಭಾವ ಎಂದಿನಂತೆ ನೀರು ಕುಡಿದ ಹಾಗೆ ಕುಡಿದು ಇಟ್ಟರು. ಬಿರಡೆ ಗ್ಲಾಸನ್ನು ತುಟಿಯವರೆಗೆ ತಂದವನು ಅಲ್ಲೇ ತಡೆದ, ಕಣ್ಣನ್ನು ಗೋಡೆಗೆ ನೆಟ್ಟ, ಆಮೇಲೆ ಔಷಧಿ ಕುಡಿಯುವವನಂತೆ ಒಂದೇ ಉಸಿರಿಗೆ ಇಳಿಸಿದ. ಮುಖದಲ್ಲಿ ಏನೂ ಇಲ್ಲ. ಒಡತಿ ಕುಡಿದು, ಕರ್ಚೀಫಿನಿಂದ ಬಾಯಿ ಒರೆಸಿಕೊಂಡು, ಇನ್ನೊಮ್ಮೆ ಒರೆಸಿಕೊಂಡಳು. ಅವಳ ಮುಖದಲ್ಲೂ ಏನೂ ಇಲ್ಲ. ಕಟ್ಟಳೆ ಎಂದರೆ ಕಟ್ಟಳೆ.

"ಇಂಗ್ಲಿಷ್ ಅಂತ ಗೊತ್ತಾಗುತ್ತೆ," ಎಂದಳು ಒಡತಿ.

"ಗೊತ್ತಾಗದೆ ಇರುತ್ತಾ?" ಎಂದ ಬಿರಡೆ. "ನಮ್ಮಲ್ಲಿ ಬೆಕ್ಕಿಗೆ ಇರುತ್ತಲ್ಲ, ಸುಮಾರು ಆ ತರಹ. ಆದ್ರೆ ಒಳ್ಳೇದು. ಭಾರೀ ಒಳ್ಳೇದು."

"ಅಭ್ಯಾಸ ಆಗ್ಬೇಕು ಅಷ್ಟೇ," ಎಂದಳು ಒಡತಿ. "ಗಿರಾಕಿಗಳಿಗೆ ನಾನು ಹೇಳ್ತೀನಿ, ಇದು ಹೀಗೇ ಇರೋದು ಅಂತ."

ತಮ್ಮನಿಗೆ ಬೆಕ್ಕಿನ ಮಾತು ಅರ್ಥವಾಗಲಿಲ್ಲ. ಸಂತೋಷದಲ್ಲಿ ಅರ್ಥ ಮಾಡಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಅವನ ಸರದಿ ಬಂದಿತ್ತು. ಜಗ್ಗಿನಲ್ಲಿ ಉಳಿದದ್ದನ್ನು ಬಗ್ಗಿಸಿಕೊಂಡು ಗ್ಲಾಸೆತ್ತಿದ.

ಗಂಡು ಬೆಕ್ಕು ದಿನಾ ಬಂದು ಗುರುತು ಮಾಡಿ ಹೋಗುವ ಮೂಲೆಯಲ್ಲಿ ಯಾರೋ ಹಳೇ ಟಯರು ಸುಟ್ಟ ಹಾಗಿತ್ತು ವಾಸನೆ. ತಮ್ಮ ಕೆಮ್ಮಲಿಲ್ಲ, ಗ್ಲಾಸು ಕೆಳಗಿಡಲಿಲ್ಲ. ಇಷ್ಟು ವರ್ಷ ಆ ಕೋಣೆಯಲ್ಲಿ ನಿಂತು ಕಲಿತದ್ದು ಅವತ್ತು ಉಪಯೋಗಕ್ಕೆ ಬಂತು. ಮುಖ ಕಲ್ಲು ಮಾಡಿಕೊಂಡು ಒಂದು ಗುಟುಕು ನುಂಗಿದ. ನಾಲಿಗೆಯ ಮೇಲೆ ಎಲ್ಲ ಸರಿಯಾಗಿತ್ತು, ಸಿಹಿ ಇದ್ದಲ್ಲಿ ಸಿಹಿ, ಕಹಿ ಇದ್ದಲ್ಲಿ ಕಹಿ. ಕೆಟ್ಟದ್ದು ವಾಸನೆ ಮಾತ್ರ. ಅವನು ಕಿಟಕಿಯ ಕಡೆ ನೋಡಿದ. ಉರಿಬಿಸಿಲು ಒಳಗೆ ಸುರಿಯುತ್ತಿತ್ತು. ಕಿಟಕಿಯ ಕಟ್ಟೆಯ ಮೇಲೆ ಜಗ್ಗಿನ ತಳದ ಅಳತೆಯ ಒಂದು ಒದ್ದೆ ಉಂಗುರ ಇನ್ನೂ ಪೂರ್ತಿ ಆರಿರಲಿಲ್ಲ.

"ಪೀಪಾಯಿ ನಲ್ಲಿ ಬಿಗಿ ಮಾಡಿ ಬರ್ತೀನಿ," ಎಂದ. "ಭಾವ, ನೀವೂ ಬನ್ನಿ, ಒಂದು ಕೈ ಹಿಡೀರಿ."

ನೆಲಮಾಳಿಗೆಯ ಮೆಟ್ಟಿಲಿಳಿದ ಮೇಲೆ ತಮ್ಮ ತಿರುಗಿ ನಿಂತ.

"ಜಗ್ಗನ್ನ ಬಿಸಿಲಲ್ಲಿ ಇಟ್ಟಿದ್ರಾ?"

"ಇಟ್ಟಿದ್ದೆ," ಎಂದರು ಭಾವ ಹೆಮ್ಮೆಯಿಂದ. "ನಮ್ಮ ಮಣ್ಣಿನ ಹೂಜಿ ಬೇಡ ಅಂತ ಮನೆಯಿಂದ ಗಾಜಿನ ಜಗ್ಗು ತಂದಿದ್ದೆ. ಏನು ಬಣ್ಣ ಅಂತೀಯಪ್ಪಾ. ಇಷ್ಟು ವರ್ಷ ನಾವು ಮಾಡೋ ಬಿಯರಲ್ಲಿ ಬೆಳಕು ಆಚೆಯಿಂದ ಈಚೆಗೆ ಬಂದಿದ್ದು ನಾನು ನೋಡೇ ಇಲ್ಲ. ಮೂವರೂ ಕೂತು ಅದನ್ನೇ ನೋಡ್ತಾ ಇದ್ವಿ."

ತಮ್ಮ ಗೋಡೆಗೆ ಒರಗಿದ. ಹಾಪ್ಸ್ ಹೆಚ್ಚಿದ್ದ ಬಿಯರು ಬಿಸಿಲು ಕಂಡರೆ ಕೆಡುತ್ತದೆ. ಬಣ್ಣ ಕೆಡುವುದಿಲ್ಲ, ರುಚಿ ಹೆಚ್ಚು ಕೆಡುವುದಿಲ್ಲ, ವಾಸನೆ ಮಾತ್ರ ಬೀದಿಗೆ ಬೀಳುತ್ತದೆ. ಬೇರೆ ಬ್ರೂವರಿಗಳಲ್ಲಿ ಇದು ಎಲ್ಲರಿಗೂ ಗೊತ್ತಿರುತ್ತದೆ. ಇಲ್ಲಿ ಗೊತ್ತಿರಬೇಕಾದ ಪ್ರಮೇಯವೇ ಬಂದಿರಲಿಲ್ಲ. ಇವರ ಬಿಯರು ಚಿಟಿಕೆಗಿಂತ ಹೆಚ್ಚು ಹಾಪ್ಸ್ ಕಾಣದ್ದು, ಮಸಿಯಷ್ಟು ಕಪ್ಪು, ಮಣ್ಣಿನ ಹೂಜಿಯಿಂದ ಗ್ಲಾಸಿಗೆ, ಅಲ್ಲಿಂದ ಸೀದಾ ಹೊಟ್ಟೆಗೆ. ಅದನ್ನು ಕಿಟಕಿಯಲ್ಲಿಟ್ಟು ಚಂದ ನೋಡೋಣ ಎಂದು ಯಾರಿಗೂ ಅನ್ನಿಸಿರಲಿಲ್ಲ. ತಮ್ಮ ಒಬ್ಬನಿಗೆ ಗೊತ್ತಿತ್ತು, ಅವನು ಬಾಯ್ಲರಿನ ಹತ್ತಿರ ಇದ್ದ.

"ನಾರ್ತಾ ಇದೆ ಭಾವ. ನಿಮಗೆ ಗೊತ್ತಾಗ್ಲಿಲ್ವಾ?"

"ನನಗೆಲ್ಲಿ ಗೊತ್ತಾಗ್ಬೇಕು? ನಶ್ಯ ಹಾಕಿ ಹಾಕಿ ಈ ಮೂಗು ಮುಚ್ಚಿ ಯಾವ ಕಾಲ ಆಯ್ತೋ."

"ಅಕ್ಕನಿಗೆ?"

ಭಾವ ನಶ್ಯದ ಡಬ್ಬಿ ತೆಗೆದರು, ತೆರೆಯದೆ ಮತ್ತೆ ಜೇಬಿಗಿಟ್ಟರು. ತಮ್ಮ ಆಗಲೇ ತಲೆಯಲ್ಲಿ ಹಿಂದೆ ಮುಂದೆ ಹಾಕಿ ನೋಡಿದ್ದ. ಅಂಥ ನಾತದ ಬಿಯರನ್ನು ಅಕ್ಕ ಕುಡಿದು ಚೆನ್ನಾಗಿದೆ ಎನ್ನಬೇಕಾದರೆ, ಒಂದೋ ಅವಳ ಮೂಗು ಹೋಗಿರಬೇಕು, ಇಲ್ಲ ಅವಳ ಮನಸ್ಸು ಕರಗಿರಬೇಕು. ಎರಡನೆಯದನ್ನು ಅವನು ಒಡನೆಯೇ ತಳ್ಳಿಹಾಕಿದ.

"ಚಳಿಗಾಲದ ಆ ಜ್ವರದಲ್ಲಿ ಹೋಯ್ತಪ್ಪಾ," ಎಂದರು ಭಾವ ಕೊನೆಗೆ. "ಮೊನ್ನೆ ಒಲೆ ಮೇಲೆ ಹಾಲು ಸೀದು ಮನೆಯೆಲ್ಲ ಹೊಗೆ. ಅವಳು ಪಕ್ಕದಲ್ಲೇ ಕೂತು ಬಟ್ಟೆ ಮಡಿಸ್ತಾ ಇದ್ದಳು. ನಾನು ಹೊಗೆ ಕಣ್ಣಿಗೆ ಬಂದಮೇಲೆ ಓಡಿ ಬಂದೆ. ನಮ್ಮ ಮನೇಲಿ ಈಗ ಎರಡು ಮೂಗಿದೆ, ಎರಡೂ ಗೋಡೆಗೆ ಹೊಡೆದ ಮೊಳೆ ತರಹ. ಯಾರಿಗಾದ್ರೂ ಹೇಳಿದ್ರೆ ಮನೆ ಬಿಟ್ಟು ಹೋಗ್ತೀನಿ ಅಂದಿದ್ದಾಳೆ. ನಿನಗೂ ನಾನು ಹೇಳಿಲ್ಲ, ತಿಳೀತಾ?"

ತಮ್ಮನಿಗೆ ತಿಳಿಯಿತು. ಮೇಲೆ ಹೋಗಿ ಜಗ್ಗಿನ ಬಿಯರು ಕೆಟ್ಟಿದೆ ಎಂದು ಬಾಯಿಬಿಟ್ಟರೆ ಅಕ್ಕನ ಮೂಗಿನ ಕಥೆ ಆ ಕ್ಷಣವೇ ಬಯಲಾಗುತ್ತದೆ, ಸಂಜೆಯೊಳಗೆ ಒಡತಿ ಅದನ್ನು ಊರಿಗೆಲ್ಲ ಹಂಚಿ ಮುಗಿಸಿರುತ್ತಾಳೆ. ಬಾಯಿ ಮುಚ್ಚಿಕೊಂಡಿದ್ದರೆ, ಪೀಪಾಯಿಯಲ್ಲಿರುವ ಒಳ್ಳೆಯ ಬಿಯರು ಅವಳ ಪಬ್ಬಿಗೆ ಹೋಗುತ್ತದೆ, ಬೆಕ್ಕಿನ ವಾಸನೆ ಎಲ್ಲಿ ಎಂದು ಕೇಳಿಕೊಂಡು ಅವಳು ನಾಳೆ ಬಂದು ನಿಲ್ಲುತ್ತಾಳೆ. ಇದೆಲ್ಲಕ್ಕಿಂತ ಅವನನ್ನು ಕಾಡಿದ್ದು ಇನ್ನೊಂದು ಸಂಗತಿ. ಅವನು ಮಾಡಿದ ಈ ಬಿಯರಿನ ಮುಕ್ಕಾಲು ಪಾಲು ಮೂಗಿಗೆ ಸೇರಿದ್ದು. ಬದುಕಿನಲ್ಲಿ ಮೊದಲ ಸಲ ಅಕ್ಕನ ಮುಂದೆ ಇಡಬಹುದಾದಂಥದ್ದನ್ನು ಮಾಡಿದ್ದ, ಆಗ ನೋಡಿದರೆ ಅಕ್ಕನಿಗೆ ಮೂಗಿಲ್ಲ. ಮೆಟ್ಟಿಲ ಮೇಲೆ ಕೂತು ಅತ್ತುಬಿಡಬೇಕು ಎನ್ನಿಸಿತು. ಭಾವ ನೋಡುತ್ತಿದ್ದರು, ಅದಕ್ಕೆ ಅಳಲಿಲ್ಲ.

ಮಣ್ಣಿನ ಹೂಜಿಯೊಂದಕ್ಕೆ ಪೀಪಾಯಿಯಿಂದ ಬಿಯರು ಹಿಡಿದು, ಮೇಲೆ ತಟ್ಟೆ ಮುಚ್ಚಿಕೊಂಡು ರುಚಿಕೋಣೆಗೆ ಬಂದ. ಬರುವ ದಾರಿಯಲ್ಲಿ ಒಂದು ಸುಳ್ಳನ್ನು ಹೊಂದಿಸಿಕೊಂಡಿದ್ದ.

"ಆ ಜಗ್ಗಿಂದು ಬಿಸಿಲಿಗೆ ಕೆಟ್ಟಿತ್ತು," ಎಂದ. "ಅಕ್ಕನಿಗೆ ಮೊದಲೇ ಗೊತ್ತಿತ್ತು. ಬೇಕಂತಲೇ ಚೆನ್ನಾಗಿದೆ ಅಂದಿದ್ದು. ನಿಮ್ಮಲ್ಲಿ ಯಾರಿಗೆ ನಾಲಿಗೆ ನೆಟ್ಟಗಿದೆ ಅಂತ ಪರೀಕ್ಷೆ ಮಾಡೋಕೆ. ಯಾರೂ ಸೊಲ್ಲೆತ್ತಲಿಲ್ಲ. ಈಗ ಸರಿಯಾಗಿರೋದು ತಂದಿದ್ದೀನಿ."

ಬಿರಡೆ ತಲೆ ತಗ್ಗಿಸಿದ. ಒಡತಿ ಕರ್ಚೀಫು ತೆಗೆದು ಮೂರನೆಯ ಸಲ ಬಾಯಿ ಒರೆಸಿಕೊಂಡಳು. ಸುಳ್ಳು ಚೆನ್ನಾಗಿಯೇ ಕೂತಿತು. ಇನ್ನು ಅಕ್ಕ ಒಮ್ಮೆ ಹ್ಞೂಂ ಎಂದಿದ್ದರೆ ಮುಗಿಯುತ್ತಿತ್ತು.

ಅಕ್ಕ ತಮ್ಮನನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಭಾವ ಕಿಟಕಿಯ ಹೊರಗೆ ಏನೋ ಮುಖ್ಯವಾದದ್ದನ್ನು ನೋಡುತ್ತಿದ್ದರು.

"ಯಾವ ಪರೀಕ್ಷೆನೂ ಇಲ್ಲ," ಎಂದಳು ಅಕ್ಕ. "ನನಗೆ ಮೂಗು ಹೋಗಿದೆ. ಜ್ವರದಲ್ಲಿ ಹೋಯ್ತು, ವಾಪಸ್ ಬಂದಿಲ್ಲ. ಅದು ಕೆಟ್ಟಿದೆ ಅಂತ ನನಗೆ ಗೊತ್ತೇ ಆಗ್ಲಿಲ್ಲ."

ಒಡತಿಯ ಕರ್ಚೀಫು ಬಾಯಿಯ ಮೇಲೇ ಉಳಿಯಿತು.

"ಇದು ನನ್ನ ಕಥೆ ಆಯ್ತು. ನಿಮಗೆ ಮೂಗಿದೆಯಲ್ಲ, ನಿಮ್ಮ ಬಾಯಿಗೇನಾಗಿತ್ತು?"

"ನೀವು ಚೆನ್ನಾಗಿದೆ ಅಂದ್ರಲ್ಲ ಅಕ್ಕ," ಎಂದ ಬಿರಡೆ.

"ನಾನು ಅಂದ್ರೆ?"

"ನೀವು ಅಂದಮೇಲೆ ನಮ್ಮದೇನಿರುತ್ತೆ?"

ಅಕ್ಕ ಹೂಜಿಯ ಮೇಲಿನ ತಟ್ಟೆ ತೆಗೆದು, ಗ್ಲಾಸಿಗೆ ಬಗ್ಗಿಸಿ, ಅದನ್ನು ತಮ್ಮನ ಮುಂದೆ ಸರಿಸಿದಳು.

"ನೀನು ಮೊದಲು ಕುಡಿ."

"ಮಾಡಿದವನು ಕೊನೆಗೆ ಅಲ್ವಾ ಅಕ್ಕ?"

"ಕುಡಿಯೋ. ಕುಡಿದು ಹೇಳು."

ತಮ್ಮ ಕುಡಿದ. ಆ ಕೋಣೆಯಲ್ಲಿ ಅವನು ಈವರೆಗೆ ತನ್ನ ಬಿಯರಿನ ಬಗ್ಗೆ ತುಟಿ ಪಿಟಕ್ಕೆಂದವನಲ್ಲ. ಇನ್ನೊಂದು ಗುಟುಕು ಕುಡಿದ, ಆಮೇಲೆ ನಿಧಾನವಾಗಿ ಹೇಳತೊಡಗಿದ. ಮೊದಲು ಕಿತ್ತಳೆ ಸಿಪ್ಪೆ ಬರುತ್ತೆ, ಆಗತಾನೇ ಉಗುರಲ್ಲಿ ಸುಲಿದಾಗ ಬರುತ್ತಲ್ಲ ಹಾಗೆ ಎಂದ. ಅದು ಸರಿದ ಮೇಲೆ ಕತ್ತರಿಸಿದ ಹುಲ್ಲು, ಒಣಗಿದ್ದಲ್ಲ, ಹಸಿಯದು ಎಂದ. ತಳದಲ್ಲಿ ಬ್ರೆಡ್ಡಿನ ಅಂಚಿನ ವಾಸನೆ ಇದೆ ಎಂದ. ಹೂವು ಕೂಡ ಇದೆ, ಯಾವ ಹೂವು ಎಂದು ತನಗೆ ಇನ್ನೂ ಗೊತ್ತಾಗಿಲ್ಲ ಎಂದ.

ಅಕ್ಕ ಗ್ಲಾಸನ್ನು ಅವನ ಕೈಯಿಂದ ತೆಗೆದುಕೊಂಡು ಕುಡಿದಳು. ಬಾಯಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿದಳು. ನುಂಗಿದಳು.

"ಕಹಿ ಸಿಕ್ತು," ಎಂದಳು. "ಸಿಹಿ ಸಿಕ್ತು. ಕಿತ್ತಳೆ ಇದೆಯಾ?"

"ಇದೆ ಅಕ್ಕ."

"ಹುಲ್ಲು?"

"ಇದೆ."

"ಸರಿ, ಇದೆ," ಎಂದಳು ಅಕ್ಕ. ಜನ್ಮದಲ್ಲಿ ಯಾರ ಮಾತನ್ನೂ ನಂಬಿ ಬಿಯರು ಕುಡಿಯದವಳು ಅವನ ಮಾತನ್ನು ನಂಬಿ ಆ ಗ್ಲಾಸನ್ನು ಕೊನೆಯವರೆಗೆ ಕುಡಿದಳು.

ಉಳಿದವರೂ ಕುಡಿದರು. ಈ ಸಲ ಮುಖ ಕಲ್ಲು ಮಾಡಿಕೊಳ್ಳುವುದು ಯಾರ ಕೈಯಲ್ಲೂ ಆಗಲಿಲ್ಲ. ಬಿರಡೆ ಯಾರೂ ಹೇಳದೆ ಎರಡನೆಯ ಗ್ಲಾಸು ಬಗ್ಗಿಸಿಕೊಂಡ. ಒಡತಿ, ಬೆಕ್ಕು ಹೋಗಿದ್ದು ಒಳ್ಳೆಯದೇ ಆಯಿತು, ಗಿರಾಕಿಗಳಿಗೆ ವಿವರಿಸುವುದು ತಪ್ಪಿತು ಎಂದಳು.

"ಮೂಗಿನ ವಿಷಯ ನಾನು ಯಾರ ಹತ್ರನೂ ಎತ್ತಲ್ಲ ಅಕ್ಕ," ಎಂದು ತಾನಾಗಿಯೇ ಸೇರಿಸಿದಳು.

"ಎತ್ತು. ಎಲ್ಲರಿಗೂ ಹೇಳು," ಎಂದಳು ಅಕ್ಕ. "ನೀನು ಹೇಳಿದ್ರೆ ನನಗೆ ಮನೆ ಮನೆಗೆ ಹೋಗಿ ಹೇಳೋ ಶ್ರಮ ತಪ್ಪುತ್ತೆ."

ಬಿರಡೆ ಮತ್ತು ಭಾವ ಪೀಪಾಯಿಯನ್ನು ಕೈಗಾಡಿಗೆ ಏರಿಸಿ, ಒಡತಿಯನ್ನು ಮುಂದೆ ಬಿಟ್ಟುಕೊಂಡು ಹೊರಟರು. ಗಾಡಿಯ ಮೇಲೆ ಒದ್ದೆ ಗೋಣಿ ಹೊದಿಸಿ ಎಂದು ಕಿಟಕಿಯಿಂದ ತಮ್ಮ ಎರಡು ಸಲ ಕೂಗಿ ಹೇಳಿದ. ಪೀಪಾಯಿ ಮರದ್ದು, ಅದರೊಳಗೆ ಬಿಸಿಲು ಹೋಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು.

ಕೋಣೆಯಲ್ಲಿ ಅಕ್ಕ ತಮ್ಮ ಇಬ್ಬರೇ ಉಳಿದರು. ಗ್ಲಾಸುಗಳನ್ನು ತಮ್ಮ ಜೋಡಿಸಿದ, ಮೇಜು ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ.

"ಮೊದಲನೇದಕ್ಕೆ ಚೆನ್ನಾಗಿದೆ ಅಂತ ಯಾಕಂದೆ?" ಎಂದು ಕೇಳಿದ. "ಸುಮ್ನೆ ಗ್ಲಾಸು ಖಾಲಿ ಮಾಡಿದ್ರೆ ಸಾಕಿತ್ತಲ್ಲ."

"ನಾಲಿಗೆ ಮೇಲೆ ಯಾವುದೂ ಒಂದಕ್ಕೊಂದು ಜಗಳ ಆಡ್ತಿರಲಿಲ್ಲ. ಉಳಿದಿದ್ದು ನೀನು ಮಾಡಿದ್ದೀಯಲ್ಲ, ಇರುತ್ತೆ ಅಂದ್ಕೊಂಡೆ." ಅಕ್ಕ ಹೂಜಿಗೆ ಮತ್ತೆ ತಟ್ಟೆ ಮುಚ್ಚಿದಳು. "ಮೂಗಿದ್ದಾಗ ಹೇಳಿದ್ರೆ ಒಳ್ಳೇದಿತ್ತು. ಮೂಗಿದ್ದಾಗ ತಪ್ಪು ಹುಡುಕೋದ್ರಲ್ಲೇ ಹೊತ್ತು ಹೋಯ್ತು."

ಮೇಜು ಒರೆಸಿದ ಬಟ್ಟೆಯನ್ನು ತಮ್ಮ ಹಿಂಡಿ, ಮಡಿಸಿ ಇಟ್ಟ. ಅವನಿಗೆ ತುಂಬಾ ಸಂತೋಷವಾಗಿತ್ತು, ಅಷ್ಟೇ ದುಃಖವೂ ಆಗಿತ್ತು, ಎರಡರಲ್ಲಿ ಯಾವುದಕ್ಕೆ ಮೊದಲು ಜಾಗ ಕೊಡಬೇಕೆಂದು ಗೊತ್ತಾಗದೆ, ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದ. ಆಗ ಅಕ್ಕ ಅವನ ಕಡೆ ನೋಡದೆ ಕೇಳಿದಳು.

"ಕಪ್ಪು ಬಿಯರ್ ಹೇಗಿದೆಯೋ ಈಗ?"

ಕಪ್ಪು ಬಿಯರಿಗೆ ಮಾಲ್ಟ್ ಹುರಿಯುವುದು ಅಕ್ಕನೇ. ಹುರಿಯುವಾಗ ಬ್ರೆಡ್ಡಿನ ವಾಸನೆ ತಿರುಗಿ ಕಾಫಿಯ ವಾಸನೆ ಬರುತ್ತದಲ್ಲ, ಆ ಗಳಿಗೆಗೆ ಬೆಂಕಿ ಆರಿಸಬೇಕು. ಒಂದಿಷ್ಟು ತಡವಾದರೂ ಕೆಟ್ಟಿತು. ಅದಕ್ಕೆ ಗಡಿಯಾರವಿಲ್ಲ, ಅಳತೆಯಿಲ್ಲ, ಇದ್ದದ್ದು ಅಕ್ಕನ ಮೂಗು.

"ಚಳಿಗಾಲದಿಂದ ನಾನು ಅಂದಾಜಿನ ಮೇಲೆ ಹುರೀತಿದ್ದೀನಿ," ಎಂದಳು ಅಕ್ಕ. "ನೀನು ದಿನಾ ಕುಡೀತೀಯ. ಹೇಗಿದೆ?"

ತಮ್ಮನಿಗೆ ಗೊತ್ತಿತ್ತು. ತಿಂಗಳುಗಳಿಂದ ಗೊತ್ತಿತ್ತು. ಮೊದಲ ಸಲ ಕುಡಿದಾಗ, ಅಕ್ಕ ತಪ್ಪುವುದುಂಟೇ, ತನ್ನ ನಾಲಿಗೆಯೇ ಕೆಟ್ಟಿರಬೇಕು ಎಂದುಕೊಂಡಿದ್ದ. ಆಮೇಲೆ ಅಭ್ಯಾಸವಾಗಿತ್ತು. ಬಿರಡೆಯ ಮೇಲೆ, ಒಡತಿಯ ಮೇಲೆ ಈಗಷ್ಟೇ ಅವನಿಗೆ ಒಳಗೊಳಗೇ ಸಿಟ್ಟು ಬಂದಿತ್ತು. ಅವರು ಸುಳ್ಳು ಹೇಳಿದ್ದು ಒಂದು ಗ್ಲಾಸಿನ ಮಟ್ಟಿಗೆ.

"ಸೀದಿರುತ್ತೆ ಅಕ್ಕ," ಎಂದ.

"ತುಂಬಾನಾ?"

"ತುಂಬಾ ಏನಿಲ್ಲ."

"ನಿಜ ಹೇಳು."

"ತುಂಬಾ, ಅಕ್ಕ."

ಅಕ್ಕ ತಲೆಯಾಡಿಸಿದಳು. ಸಿಟ್ಟಾಗಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಲಿಲ್ಲ, ಆ ಉತ್ತರವನ್ನು ಬಿರಡೆ ಆಗಲೇ ಹೇಳಿಯಾಗಿತ್ತು. ತಮ್ಮನ ಕೈ ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡಳು.

"ಇನ್ಮೇಲೆ ನನಗೆ ಹೆದರಬೇಡ ಕಣೋ," ಎಂದಳು. "ನನಗೇ ಹೆದರಿಕೆ ಆಗಿಬಿಟ್ಟಿದೆ."